ಪಕ್ಕದ ಮನೆಯ ಕೊರಿಯನ್ ಇಮೊಗೆ ಇಂಗ್ಲಿಷ್ ಎಲ್ಲಿಂದ ಶುರು ಮಾಡಿಸಲಿ?

ಪ್ರಶ್ನೆ: ನಾನು ತುಮಕೂರಿನವಳು. ಯಜಮಾನರ ಕೆಲಸದಿಂದಾಗಿ ಎರಡು ವರ್ಷದಿಂದ ಕೊರಿಯಾದ ಸುವಾನ್‌ನಲ್ಲಿದ್ದೇವೆ. ಪಕ್ಕದ ಮನೆಯಲ್ಲಿ ಐವತ್ತೆಂಟು ವರ್ಷದ ಒಬ್ಬರಿದ್ದಾರೆ, ನಾನು ಅವರನ್ನು ‘ಇಮೊ’, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತೇನೆ. ಅವರ ಮಗಳು ಮೆಲ್ಬರ್ನ್‌ನಲ್ಲಿ ಅಲ್ಲಿಯವನನ್ನೇ ಮದುವೆಯಾಗಿದ್ದಾಳೆ, ಈಗ ಬಸುರಿ. ಇಮೊ ಮೂರು ತಿಂಗಳಲ್ಲಿ ಬಾಣಂತನಕ್ಕೆ ಹೊರಡಬೇಕು. ದಿನಬಳಕೆಯ ಇಂಗ್ಲಿಷ್ ಕಲಿಸು ಅಂತ ನನ್ನ ಬೆನ್ನು ಹತ್ತಿದ್ದಾರೆ. ಶಾಲೆಯಲ್ಲಿ ಓದಿದ್ದಾರಂತೆ, ಬೋರ್ಡುಗಳನ್ನು ಓದುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ, ಕೊರಿಯನ್ ಅರೆಬರೆ. ನಾನು ಕಲಿಸಬಹುದಾ? ಎಲ್ಲಿಂದ ಶುರು ಮಾಡಲಿ? ಇನ್ನೊಂದು, ಪ್ರತಿ ಸಲ ಡಬ್ಬಿ ತುಂಬ ಕಿಮ್ಚಿ (ಕೋಸಿನ ಉಪ್ಪಿನಕಾಯಿಯಂಥದ್ದು) ಕೊಡುತ್ತಾರೆ, ನಾವು ಸಸ್ಯಾಹಾರಿಗಳು, ಹೇಗೆ ಬೇಡ ಅನ್ನಲಿ?

ಉತ್ತರ: ಧೈರ್ಯವಾಗಿ ಕಲಿಸಿ. ಒಂದು ವಿಷಯದಲ್ಲಂತೂ ನೀವು ಇಂಗ್ಲಿಷರಿಗಿಂತ ವಾಸಿ. ಬೆಂಗಳೂರಿಗೆ ಕೆಲಸಕ್ಕೆ ಬರುವ ಕೊರಿಯನ್ನರ ಮನೆಗಳಲ್ಲಿ ನಾನು ಹಲವು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಹೆಚ್ಚಿನವರು ಇಮೊ ವಯಸ್ಸಿನ ಹೆಂಗಸರೇ. ಮೊದಲ ವಾರದಲ್ಲೇ ನನಗೆ ಗೊತ್ತಾಗಿದ್ದು ಏನೆಂದರೆ, ಅವರು ಎಲ್ಲಿ ಎಡವುತ್ತಾರೋ ಅಲ್ಲೇ ನಾವೂ ಎಡವುತ್ತೇವೆ.

ನೋಡಿ, ‘ಬಪ್ ಮೊಗೊಸ್ಸೊಯೊ?’ ಅಂತ ಇಮೊ ನಿಮ್ಮನ್ನು ದಿನಾ ಕೇಳುತ್ತಾರಲ್ಲ, ಅದು ನಮ್ಮ ‘ಊಟ ಆಯ್ತಾ?’ ಅಷ್ಟೇ. ಅನ್ನ ಉಂಡಿರಾ ಅಂತ ಯಾರೂ ಲೆಕ್ಕ ಹಾಕುತ್ತಿಲ್ಲ. ಮನೆಯಿಂದ ಹೊರಡುವಾಗ ‘ಗತ್ತಾ ಒಲ್ಕೆಯೊ’ ಅನ್ನುತ್ತಾರೆ, ಪದ ಪದ ಬಿಡಿಸಿದರೂ ಅದು ‘ಹೋಗಿ ಬರ್ತೀನಿ’. ‘ಉರಿ’ ಅಂದರೆ ನಮ್ಮ. ಉರಿ ಅಮ್ಮ ಅಂದರೆ ನಮ್ಮ ಅಮ್ಮ. ಗಂಡನನ್ನೂ ‘ನಮ್ಮ ಗಂಡ’ ಅನ್ನುತ್ತಾರೆ, ನಮ್ಮ ಕಡೆ ‘ನಮ್ಮನೆಯವರು’ ಅನ್ನುವ ಹಾಗೆ. ಇದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಅವರ್ ಹಸ್ಬೆಂಡ್’ ಅಂದರೆ ಮೆಲ್ಬರ್ನ್‌ನಲ್ಲಿ ಇಬ್ಬರು ಹೆಂಗಸರಿಗೆ ಒಬ್ಬನೇ ಗಂಡನಾ ಅಂತ ನೋಡುತ್ತಾರೆ. ಕ್ರಿಯಾಪದ ಕೊನೆಗೆ ಬರುವುದು, ‘ಎ’, ‘ದಿ’ ಇಲ್ಲದಿರುವುದು, ‘ನಾನು’ ‘ನೀನು’ ಬಿಟ್ಟೇ ಮಾತಾಡುವುದು, ವಯಸ್ಸು ನೋಡಿ ಮಾತಿನ ಬಾಲ ಬದಲಿಸುವುದು ಎಲ್ಲ ಎರಡೂ ಭಾಷೆಗಳಲ್ಲಿ ಒಂದೇ ಥರ. (ಅಮ್ಮ, ಅಪ್ಪ ಎರಡೂ ಕಡೆ ಇವೆ ಅಂದಮಾತ್ರಕ್ಕೆ ಒಂದೇ ಬೇರು ಅಂತ ವಾಟ್ಸಾಪ್‌ನಲ್ಲಿ ಹಂಚಬೇಡಿ. ಭಾಷಾ ಪಂಡಿತರು ಅದನ್ನು ಒಪ್ಪುವುದಿಲ್ಲ.)

ಹಾಗಾಗಿ ನಿಮ್ಮ ಪಾಠ ‘ಇದು ಇಂಗ್ಲಿಷಿನಲ್ಲಿ ಏನು?’ ಎಂಬ ಪ್ರಶ್ನೆಯಿಂದ ಶುರುವಾಗುವುದೇ ಬೇಡ. ‘ಈ ಹೊತ್ತಿನಲ್ಲಿ ಅಲ್ಲಿಯವರ ಬಾಯಲ್ಲಿ ಏನು ಬರುತ್ತೆ?’ ಅಂತ ಕೇಳಿಕೊಳ್ಳಿ. ಎರಡೂ ಒಂದೇ ಅನ್ನಿಸುತ್ತೆ, ಅಲ್ವಾ? ಅಲ್ಲವೇ ಅಲ್ಲ. ಊಟಕ್ಕೆ ಕೂತಾಗ ಇಮೊ ‘ಚಲ್ ಮೊಕ್ಕೆಸ್ಸುಮ್ನಿದಾ’ ಅನ್ನುತ್ತಾರೆ, ಚೆನ್ನಾಗಿ ಉಣ್ಣುತ್ತೇನೆ ಅಂತ. ಅದನ್ನು ಅನುವಾದ ಮಾಡಿ ‘ಐ ವಿಲ್ ಈಟ್ ವೆಲ್’ ಅಂದರೆ ಡಾಕ್ಟರಿಗೆ ಮಾತು ಕೊಟ್ಟ ಹಾಗಿರುತ್ತೆ. ಅಲ್ಲಿಯವರು ಆ ಹೊತ್ತಿಗೆ ‘ದಿಸ್ ಲುಕ್ಸ್ ಗ್ರೇಟ್’ ಅನ್ನುತ್ತಾರೆ. ಅಂದರೆ ಕೊರಿಯನ್ನರು ಉಣ್ಣುವವರ ಬಗ್ಗೆ ಹೇಳಿದರೆ ಇವರು ತಟ್ಟೆಯ ಬಗ್ಗೆ ಹೇಳುತ್ತಾರೆ. ಕೆಲಸ ಮುಗಿದಾಗ ಹೇಳುವ ‘ಸುಗೊಹಸ್ಯೊಸ್ಸುಮ್ನಿದಾ’, ಅಂದರೆ ‘ತುಂಬಾ ಶ್ರಮ ಪಟ್ರಿ’ ಅನ್ನುವ ಮಾತಿಗಂತೂ ಇಂಗ್ಲಿಷಿನಲ್ಲಿ ಜಾಗವೇ ಇಲ್ಲ. ಬಸ್ಸು ಇಳಿಯುವಾಗ ಡ್ರೈವರಿಗೆ ಹೇಳಬೇಕು ಅನ್ನಿಸಿದರೆ ‘ಥ್ಯಾಂಕ್ ಯು’ ಸಾಕು. ಮೆಲ್ಬರ್ನ್‌ನಲ್ಲಿ ಎಷ್ಟೋ ಜನ ಹಾಗೆ ಹೇಳಿಯೇ ಇಳಿಯುತ್ತಾರೆ, ಇಮೊಗೆ ಖುಷಿಯಾಗುತ್ತೆ.

ಈಗ ಬಾಯಿ ಬಿಡದಿರುವ ವಿಷಯ. ಇದು ದಡ್ಡತನ ಅಲ್ಲ, ಹೆದರಿಕೆ. ಕೊರಿಯಾದಲ್ಲಿ 1997ರಿಂದ ಪ್ರಾಥಮಿಕ ಶಾಲೆಯ ಮೂರನೇ ತರಗತಿಯಲ್ಲೇ ಇಂಗ್ಲಿಷ್ ಕಡ್ಡಾಯವಾಗಿ ಶುರುವಾಯಿತು. ಇಮೊ ಕಾಲದಲ್ಲಿ ಮಿಡಲ್ ಸ್ಕೂಲಿಗೆ ಹೋದ ಮೇಲೆ ಎ, ಬಿ, ಸಿ, ಡಿ. ಅಲ್ಲಿಂದ ಮುಂದೆ ಅದು ಬರೀ ಪರೀಕ್ಷೆಯ ವಿಷಯ. ಈಗಲೂ ನವೆಂಬರ್‌ನಲ್ಲಿ ನಡೆಯುವ ಸುನುಂಗ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿಸುವ ಭಾಗ ನಡೆಯುವಾಗ ಸುಮಾರು 35 ನಿಮಿಷ ದೇಶದಲ್ಲಿ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮಕ್ಕಳಿಗೆ ಸದ್ದು ಆಗಬಾರದು ಅಂತ. ಇಂಥ ಕಡೆ ಬೆಳೆದವರಿಗೆ ಇಂಗ್ಲಿಷ್ ಅಂದರೆ ಸರಿ ತಪ್ಪಿನ ಲೆಕ್ಕ, ಒಬ್ಬರ ಜೊತೆ ಹರಟುವ ಮಾತಲ್ಲ. ಅವರು ತಪ್ಪು ಹೇಳಿದಾಗ ನೀವು ಮಧ್ಯದಲ್ಲಿ ತಿದ್ದಿದರೆ ಅವತ್ತಿನ ಪಾಠ ಮುಗಿದ ಹಾಗೇ. ಮುಗಿಸಲಿ ಬಿಡಿ, ಆಮೇಲೆ ಸರಿಯಾದದ್ದನ್ನು ನೀವೇ ಮಾತಿನ ನಡುವೆ ಒಮ್ಮೆ ಹೇಳಿ. ಸಾಕು.

ಮೊದಲ ಪಾಠಕ್ಕೆ ನಾನು ಯಾವಾಗಲೂ ಮರ್ಯಾದೆಯನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ವಯಸ್ಸಿನವರಿಗೆ ವ್ಯಾಕರಣ ತಪ್ಪಿದ್ದಕ್ಕಿಂತ ಒರಟಾಗಿ ಕಂಡದ್ದೇ ಜಾಸ್ತಿ ನೋವು. ಕೊರಿಯನ್‌ನಲ್ಲಿ ‘ಮುಲ್ ಜುಸೆಯೊ’ ಅಂದರೆ ‘ನೀರು ಕೊಡಿ’. ಕೊನೆಯ ‘ಸೆಯೊ’ದಲ್ಲೇ ಮರ್ಯಾದೆ ಇದೆ, ನಮ್ಮ ‘ಕೊಡಿ’ಯಲ್ಲಿರುವ ಹಾಗೆ. ಇಂಗ್ಲಿಷಿನ ‘ಗಿವ್’ಗೆ ಆ ಬಾಲ ಇಲ್ಲ. ‘ಗಿವ್ ಮಿ ವಾಟರ್’ ಅಂದರೆ ‘ನೀರು ಕೊಡು’ ಅಂತಲೇ ಕೇಳಿಸುತ್ತೆ, ‘ಪ್ಲೀಸ್’ ಅಂಟಿಸಿದರೂ ಪೂರ್ತಿ ಮೆತ್ತಗಾಗುವುದಿಲ್ಲ. ಇಂಗ್ಲಿಷಿನಲ್ಲಿ ಮರ್ಯಾದೆ ಇರುವುದು ಪ್ರಶ್ನೆ ಮಾಡಿ ಕೇಳುವುದರಲ್ಲಿ. ‘ಕ್ಯಾನ್ ಐ ಗೆಟ್ ಸಮ್ ವಾಟರ್?’ ಇನ್ನೂ ಮೆತ್ತಗೆ ಬೇಕಾದರೆ ‘ಕುಡ್ ಐ’. ಇದನ್ನು ಒಂದು ಅಚ್ಚು ಅಂದುಕೊಳ್ಳಿ, ಇಡ್ಲಿ ತಟ್ಟೆ ಇದ್ದ ಹಾಗೆ. ನೀರು, ಬಿಲ್ಲು, ಚೀಲ, ಟವೆಲ್ಲು, ಮಗುವನ್ನು ಎತ್ತಿಕೊಳ್ಳುವುದು, ಎಲ್ಲ ಅದರಲ್ಲೇ ಹೊಯ್ಯಬಹುದು. ಒಂದು ವಾರ ಇದನ್ನೇ ಹೇಳಿಸಿ. ಇನ್ನೇನೂ ಬೇಡ. ಅವರಿಗೇ ಬೇಜಾರಾಗುವಷ್ಟು ಹೇಳಿಸಿ.

ಮಾತಿಗೆ ಮಾತಿಗೆ ‘ನೇ, ನೇ, ನೇ’ ಅನ್ನುವುದು ಇನ್ನೊಂದು. ಅದು ನಮ್ಮ ‘ಹಾಂ, ಹಾಂ’, ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವುದಕ್ಕೆ. ಇಂಗ್ಲಿಷಿನಲ್ಲಿ ‘ಯೆಸ್ ಯೆಸ್ ಯೆಸ್’ ಅಂದರೆ ‘ಸಾಕು, ಗೊತ್ತು, ಮುಗಿಸು’ ಅಂದ ಹಾಗೆ. ಅದರ ಬದಲು ‘ರೈಟ್’, ‘ಐ ಸೀ’, ಇಲ್ಲವೇ ಸುಮ್ನೆ ತಲೆ ಆಡಿಸಲಿ.

ಯೆಸ್ ಅಂದಾಗ ನೆನಪಾಯಿತು, ಇದೊಂದನ್ನು ಮಾತ್ರ ಬಿಡಬೇಡಿ. ‘ಊಟ ಮಾಡಿಲ್ವಾ?’ ಅಂದರೆ ನಾವು ‘ಹೂಂ, ಮಾಡಿಲ್ಲ’ ಅನ್ನುತ್ತೇವೆ. ಕೊರಿಯನ್ನರೂ ಹಾಗೇ. ಇಂಗ್ಲಿಷಿನಲ್ಲಿ ತಿರುಗುಮುರುಗು, ಅಲ್ಲಿ ‘ನೋ, ಐ ಹ್ಯಾವಂಟ್’. ಮೆಲ್ಬರ್ನ್ ಏರ್‌ಪೋರ್ಟ್ ಯೋಚನೆ ಮಾಡಿ. ಆಸ್ಟ್ರೇಲಿಯಾ ಹೊರಗಿನಿಂದ ಬರುವ ತಿನ್ನುವ ಸಾಮಾನಿನ ವಿಷಯದಲ್ಲಿ ಮಹಾ ಕಟ್ಟುನಿಟ್ಟು, ಬಾಣಂತನಕ್ಕೆ ಹೊರಟ ಕೊರಿಯನ್ ತಾಯಿಯ ಸೂಟ್‌ಕೇಸಿನಲ್ಲಿ ಬಾಣಂತಿಗೆ ಮಾಡುವ ಸಾರಿಗೆ ಒಣಗಿದ ಕಡಲಪಾಚಿ, ಒಣ ಮೀನು, ಮೆಣಸಿನ ಪುಡಿ ಇಲ್ಲದೇ ಇರುತ್ತಾ? ಅಧಿಕಾರಿ ‘ಯು ಡೋಂಟ್ ಹ್ಯಾವ್ ಎನಿ ಫುಡ್?’ ಅಂತಾನೆ. ಇಮೊ ತಲೆಯಲ್ಲಿ ‘ಇಲ್ಲ ಅಂತ ಕೇಳ್ತಿದ್ದಾನೆ, ಅಲ್ಲ, ಇದೆ’ ಅಂತ ಲೆಕ್ಕ ಓಡಿ ಬಾಯಲ್ಲಿ ‘ನೋ’ ಬರುತ್ತೆ. ಅವನಿಗೆ ಕೇಳಿಸುವುದು ‘ಏನೂ ಇಲ್ಲ’ ಅಂತ. ಹೇಳದೆ ಒಯ್ದರೆ ದೊಡ್ಡ ದಂಡ ಬೀಳಬಹುದು, ಹೇಳಿಬಿಟ್ಟರೆ ನೋಡಿ ಬಿಡುತ್ತಾರೆ, ಇಲ್ಲವೇ ಆ ಸಾಮಾನು ಇಟ್ಟುಕೊಳ್ಳುತ್ತಾರೆ, ಅಷ್ಟೇ. ಅದಕ್ಕೇ ನಾನು ಯೆಸ್, ನೋ ಎರಡನ್ನೂ ಬಿಡಿಸಿ, ಇರುವುದನ್ನು ನೇರ ಹೇಳಲು ಕಲಿಸುತ್ತೇನೆ. ‘ಐ ಹ್ಯಾವ್ ಫುಡ್. ಡ್ರೈಡ್ ಫಿಶ್. ಸೀವೀಡ್.’ ಆ ದೇಶಕ್ಕೆ ಬಂದಿಳಿಯುವವರು ತುಂಬಿಕೊಡುವ ಕಾರ್ಡಿನಲ್ಲೂ ಆಹಾರದ ಮುಂದೆ ಯೆಸ್ ಅಂತ ಗುರುತು ಹಾಕಿಸಿ. ಹಾಗೇ ‘ಡು ಯು ಮೈಂಡ್?’ ಅನ್ನುವ ಪ್ರಶ್ನೆಗೂ ‘ಶ್ಯೂರ್, ಗೋ ಅಹೆಡ್’ ಅಂತ ಒಂದೇ ಉತ್ತರ ಕಲಿಸಿಬಿಡಿ. ಅಲ್ಲಿ ನಾನೂ ಈಗಲೂ ತಡವರಿಸುತ್ತೇನೆ.

ಹೋಗುತ್ತಿರುವುದು ಆಸ್ಟ್ರೇಲಿಯಾಕ್ಕೆ, ಅದನ್ನೂ ನೆನಪಿಡಿ. ಕೊರಿಯಾದಲ್ಲಿ ಇಂಗ್ಲಿಷ್ ಓದಿದ ಯಾರನ್ನೇ ‘ಹೌ ಆರ್ ಯು?’ ಅಂತ ಕೇಳಿದರೂ ಒಂದೇ ಉಸಿರಿಗೆ ‘ಐ ಆ್ಯಮ್ ಫೈನ್, ಥ್ಯಾಂಕ್ ಯು, ಆ್ಯಂಡ್ ಯು?’ ಬರುತ್ತೆ. ಅವರೇ ಅದನ್ನು ತಮಾಷೆ ಮಾಡಿಕೊಳ್ಳುತ್ತಾರೆ, ನಮ್ಮಲ್ಲಿ ‘ಮೈ ನೇಮ್ ಈಸ್’ ಅಂತ ಮಕ್ಕಳು ರಾಗ ಎಳೆಯುವ ಹಾಗೆ. ತಪ್ಪೇನಿಲ್ಲ. ಆದರೆ ಅಲ್ಲಿನ ಅಂಗಡಿಯವರು ಕೇಳುವುದು ‘ಹೌ ಆರ್ ಯು ಗೋಯಿಂಗ್?’ ಇದನ್ನು ಹೇಳಿಕೊಡದಿದ್ದರೆ ಇಮೊ ‘ಬೈ ಟ್ರಾಮ್’ ಅಂತಾರೆ. ಉತ್ತರ ‘ಗುಡ್, ಥ್ಯಾಂಕ್ಸ್’. ಥ್ಯಾಂಕ್ಸ್ ಅಂದಾಗ ಅವರು ‘ನೋ ವರೀಸ್’ ಅನ್ನುತ್ತಾರೆ, ಚಿಂತೆ ಮಾಡಬೇಡಿ ಅಂತಲ್ಲ, ಪರವಾಗಿಲ್ಲ ಅಂತ. ಮೊದಲ ಸಲ ‘ನೈಸ್ ಟು ಮೀಟ್ ಯು’, ಎರಡನೇ ಸಲದಿಂದ ‘ನೈಸ್ ಟು ಸೀ ಯು’. ಕೊರಿಯನ್‌ನಲ್ಲಿ ಎರಡಕ್ಕೂ ಒಂದೇ ಮಾತು ಇರುವುದರಿಂದ ಇದು ಜಾರುತ್ತಲೇ ಇರುತ್ತೆ. ಊರಿನ ಹೆಸರನ್ನು ಅಲ್ಲಿಯವರು ಹೆಚ್ಚುಕಡಿಮೆ ‘ಮೆಲ್ಬನ್’ ಅನ್ನುತ್ತಾರೆ. ಇಮೊ ಬಾಯಲ್ಲಿ ಅದು ‘ಮೆಲ್ಬೊರುನ್’.

ಉಚ್ಚಾರಣೆಗೆ ಬಂದೆವು. ಪೂರ್ತಿ ತಿದ್ದಲು ಹೋಗಬೇಡಿ, ಮೂರು ತಿಂಗಳಿಗೆ ಆಗುವ ಕೆಲಸವಲ್ಲ. ಆದರೆ ಒಂದು ಚಾಳಿ ಬಿಡಿಸಿದರೆ ಅರ್ಧ ಗೆದ್ದ ಹಾಗೆ. ನಾವು ಬಸ್ಸು, ಕಾರು, ಬ್ಯಾಂಕು ಅಂತ ಕೊನೆಗೆ ಒಂದು ‘ಉ’ ಅಂಟಿಸುತ್ತೇವಲ್ಲ, ಕೊರಿಯನ್ನರೂ ಅಂಥದ್ದೇ ಒಂದು ಸ್ವರ ಅಂಟಿಸುತ್ತಾರೆ. ನಾವು ಕೊನೆಗೆ ಮಾತ್ರ, ಅವರು ಒತ್ತಕ್ಷರ ಬಂದ ಕಡೆಯೆಲ್ಲ. ‘ಸ್ಟ್ರೈಕ್’ ಎಂಬ ಒಂದೇ ಉಸಿರಿನ ಪದ ಅಲ್ಲಿ ‘ಸು-ತು-ರಾ-ಇ-ಕು’ ಅಂತ ಐದು ತುಂಡು. ಕೇಳುವವರಿಗೆ ಬೇರೆಯೇ ಪದ. ಕೊರಿಯನ್ ಭಾಷೆಯ ಉಚ್ಚಾರಣೆಯೇ ಹಾಗೆ, ಹಂಗುಲ್‌ನಲ್ಲಿ ಬರೆದುಕೊಂಡರೆ ಆ ಚಾಳಿ ಇನ್ನೂ ಗಟ್ಟಿಯಾಗುತ್ತೆ. 1446ರಲ್ಲಿ ಸೇಜೋಂಗ್ ರಾಜ ಜನರಿಗೆ ಕೊಟ್ಟ ಆ ಲಿಪಿ ಕೊರಿಯನ್‌ಗೆ ಹೇಳಿ ಮಾಡಿಸಿದ್ದು, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲಿಷಿಗೆ ಹೊಂದುವುದಿಲ್ಲ. ಇಮೊ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಮಾತುಗಳನ್ನು ಹಂಗುಲ್‌ನಲ್ಲಿ ಬರೆದುಕೊಳ್ಳಲು ಹೊರಟರೆ ಮೆಲ್ಲಗೆ ತಪ್ಪಿಸಿ, ಕಕಾವ್‌ಟಾಕ್‌ನಲ್ಲಿ (ಕೊರಿಯನ್ನರ ವಾಟ್ಸಾಪ್ ಅನ್ನಿ) ನಿಮ್ಮ ದನಿ ರೆಕಾರ್ಡ್ ಮಾಡಿ ಕಳಿಸಿ. ಪಾತ್ರೆ ತೊಳೆಯುತ್ತಾ ಕೇಳಲಿ. ‘ಎಫ್’ ಒಂದನ್ನು ಹಲ್ಲು ತುಟಿಗೆ ತಾಗಿಸಿ ತೋರಿಸಿಕೊಡಿ, ಇಲ್ಲದಿದ್ದರೆ ಕಾಫಿ ‘ಕೊಪಿ’ ಆಗುತ್ತೆ. ‘ಗುಡ್ ಮಾರ್ನಿಂಗ್’ ಅವರ ಬಾಯಲ್ಲಿ ‘ಗುನ್ಮೋನಿಂಗ್’ ಆಗುತ್ತೆ, ಬಿಡಿ, ಎಲ್ಲರಿಗೂ ಅರ್ಥವಾಗುತ್ತೆ. ಆರ್, ಎಲ್ ಗಲಾಟೆಗೆ ಈಗ ಕೈ ಹಾಕಬೇಡಿ.

ಇನ್ನು ಅವರು ಇಂಗ್ಲಿಷ್ ಅಂದುಕೊಂಡಿರುವ ಕೊರಿಯನ್ ಪದಗಳು. ಇವು ನಿಜವಾಗಿ ಕೈ ಕೊಡುವುದು, ಏಕೆಂದರೆ ಗೊತ್ತಿಲ್ಲದ ಪದವನ್ನು ಕೇಳಿ ತಿಳಿದುಕೊಳ್ಳುತ್ತಾರೆ, ಗೊತ್ತು ಅಂದುಕೊಂಡದ್ದನ್ನು ಯಾರೂ ಕೇಳುವುದಿಲ್ಲ. ಕೊರಿಯಾದಲ್ಲಿ ಸೈಡರ್ ಅಂದರೆ ನಿಂಬೆಯ ಬಿಳಿ ಸೋಡಾ. ಮೆಲ್ಬರ್ನ್‌ನಲ್ಲಿ ಸೈಡರ್ ಕೇಳಿದರೆ ಸೇಬಿನಿಂದ ಮಾಡಿದ ಮದ್ಯ ಬರುತ್ತೆ. ಇಮೊಗೆ ಬೇಕಾದದ್ದಕ್ಕೆ ಅಲ್ಲಿ ‘ಲೆಮನೇಡ್’ ಅನ್ನುತ್ತಾರೆ. ಹೋಟೆಲಿನವರು ಪುಕ್ಕಟೆ ಕೊಟ್ಟದ್ದು ಕೊರಿಯಾದಲ್ಲಿ ‘ಸರ್ವಿಸ್’, ಅಲ್ಲಿ ‘ಈಸ್ ದಿಸ್ ಸರ್ವಿಸ್?’ ಅಂದರೆ ಯಾರಿಗೂ ತಿಳಿಯದು. ‘ಹ್ಯಾಂಡ್‌ಫೋನ್’ ಪರವಾಗಿಲ್ಲ, ಊಹಿಸಿಕೊಳ್ಳುತ್ತಾರೆ. ಲೇಬರ್ ವಾರ್ಡಿನ ಬಾಗಿಲಲ್ಲಿ ನಿಂತು ಮಗಳಿಗೆ ‘ಫೈಟಿಂಗ್!’ ಅಂತ ಕೂಗಿದರೆ ಮಗಳಿಗೆ ಧೈರ್ಯ ಬರುತ್ತೆ, ನರ್ಸಿಗೆ ಗಾಬರಿ. 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಂದೇ ಸಲಕ್ಕೆ 26 ಕೊರಿಯನ್ ಮೂಲದ ಪದಗಳನ್ನು ಸೇರಿಸಿಕೊಂಡಿತು, ಈ ‘ಫೈಟಿಂಗ್’ ಕೂಡ ಅದರಲ್ಲಿದೆ. ಆದರೆ ನರ್ಸು ನಿಘಂಟು ಓದಿರುವುದಿಲ್ಲವಲ್ಲ. ‘ಯು ಕ್ಯಾನ್ ಡು ಇಟ್’ ಅನ್ನಲಿ.

ಇದೇ ಜಾತಿಯ ಇನ್ನು ಕೆಲವು ಸದ್ದಿಲ್ಲದೆ ನುಸುಳುತ್ತವೆ. ‘ಯಕ್ಸೊಕ್’ ಅಂದರೆ ಕೊಟ್ಟ ಮಾತು, ಭೇಟಿಯಾಗುವುದು ಎರಡೂ, ಅದಕ್ಕೇ ‘ಟುಡೇ ಐ ಹ್ಯಾವ್ ಪ್ರಾಮಿಸ್’ ಅನ್ನುತ್ತಾರೆ. ಅಲ್ಲಿ ಬರಬೇಕಾದ್ದು ‘ಐ ಹ್ಯಾವ್ ಪ್ಲಾನ್ಸ್’. ಗೆಳತಿಯರ ಜೊತೆ ಕಾಲ ಕಳೆಯುವುದಕ್ಕೆ ಕೊರಿಯನ್‌ನಲ್ಲಿ ಆಡುವುದು ಅಂತಲೇ ಪದ, ಐವತ್ತೆಂಟರ ಹೆಂಗಸು ‘ಐ ಪ್ಲೇಯ್ಡ್ ವಿತ್ ಮೈ ಫ್ರೆಂಡ್ಸ್’ ಅಂದರೆ ಕುಂಟೆಬಿಲ್ಲೆ ಆಡಿದರಾ ಅನ್ನಿಸುತ್ತೆ. ‘ಐ ಮೆಟ್ ಮೈ ಫ್ರೆಂಡ್ಸ್’ ಸಾಕು. ನೆಗಡಿಗೆ ಕ್ಲಿನಿಕ್ಕಿಗೆ ಹೋದರೂ ಅವರು ‘ಹಾಸ್ಪಿಟಲ್’ ಅನ್ನುತ್ತಾರೆ, ನಾವು ಆಸ್ಪತ್ರೆಗೆ ಹೋಗಿದ್ದೆ ಅನ್ನುವ ಹಾಗೆ. ಮಗಳ ಅತ್ತೆ ಅದನ್ನು ಕೇಳಿದರೆ ಹೂಗುಚ್ಛ ಹಿಡಿದು ಓಡಿ ಬರುತ್ತಾರೆ. ‘ಐ ಸಾ ದ ಡಾಕ್ಟರ್’ ಅನ್ನಿಸಿ. ದುಡ್ಡಿನ ಲೆಕ್ಕದಲ್ಲಿ ಮಾತ್ರ ನೀವಿಬ್ಬರೂ ಒಂದೇ ದೋಣಿ. ಅವರು ಹತ್ತು ಸಾವಿರವನ್ನು ಒಂದು ‘ಮಾನ್’ ಅಂತ ಎಣಿಸುತ್ತಾರೆ, ನೀವು ಲಕ್ಷದಲ್ಲಿ, ಮಿಲಿಯನ್ ಬಂದರೆ ಇಬ್ಬರೂ ಬೆರಳು ಮಡಚಬೇಕು. ಅದು ನೂರು ಮಾನ್, ಹತ್ತು ಲಕ್ಷ.

ಎಲ್ಲಕ್ಕಿಂತ ಕಷ್ಟದ್ದು ಬೀಗಿತ್ತಿ. ಮಗಳ ಅತ್ತೆಯನ್ನು ಏನಂತ ಕರೆಯುವುದು? ಕೊರಿಯನ್‌ನಲ್ಲಿ ‘ಸಾದೊನ್’ ಅನ್ನುವ ಪದ ಇದೆ, ನಮ್ಮಲ್ಲಿ ಬೀಗರು ಇದೆ, ಇಂಗ್ಲಿಷಿನಲ್ಲಿ ಏನೂ ಇಲ್ಲ! ಇಷ್ಟು ದೊಡ್ಡ ಸಂಬಂಧಕ್ಕೆ ಹೆಸರೇ ಇಟ್ಟಿಲ್ಲ ಅವರು. ಅಲ್ಲಿ ಹೆಸರು ಹಿಡಿದೇ ಕರೆಯಬೇಕು. ಇಮೊಗೆ ಇದು ಹೇಗಾಗುತ್ತೆ ಅಂದರೆ, ನಿಮ್ಮಮ್ಮ ಬೀಗಿತ್ತಿಯನ್ನು ‘ಏನ್ ಸಾವಿತ್ರಿ’ ಅಂದ ಹಾಗೆ. ನನ್ನ ಒಬ್ಬ ವಿದ್ಯಾರ್ಥಿನಿ ನಾಲ್ಕು ವಾರ ಬೀಗಿತ್ತಿ ಮನೆಯಲ್ಲಿದ್ದರೂ ಒಮ್ಮೆಯೂ ಕರೆಯಲಿಲ್ಲ, ಎದುರಿಗೆ ಹೋಗಿ ನಿಂತು ‘ಎಕ್ಸ್‌ಕ್ಯೂಸ್ ಮಿ’ ಅಂದೇ ಕಾಲ ಹಾಕಿದರು. ‘ಯು’ ಅನ್ನುವುದಕ್ಕೂ ನಾಲಿಗೆ ಏಳುವುದಿಲ್ಲ, ದೊಡ್ಡವರನ್ನು ಕೊರಿಯನ್‌ನಲ್ಲಿ ‘ನೀವು’ ಅಂತ ನೇರವಾಗಿ ಅನ್ನುವುದೇ ಇಲ್ಲ. ಇದಕ್ಕೆ ಮದ್ದು ಅಭ್ಯಾಸ ಒಂದೇ. ಬೀಗಿತ್ತಿಯ ಹೆಸರು ಕೇಳಿ ತಿಳಿದುಕೊಳ್ಳಿ, ನೀವೇ ಆ ಪಾತ್ರ ಮಾಡಿ, ಬಾಗಿಲು ತಟ್ಟಿ ಒಳಗೆ ಬನ್ನಿ. ಹೆಸರು ಹಿಡಿದು ಸ್ವಾಗತ ಮಾಡುವವರೆಗೂ ಕೂರಬೇಡಿ. ಮೊದಲ ದಿನ ನಗುತ್ತಾರೆ, ನಾಲ್ಕನೇ ದಿನಕ್ಕೆ ಬರುತ್ತೆ. ಹಾಗೇ ‘ಹೌ ಓಲ್ಡ್ ಆರ್ ಯು?’ ಅಂತ ಮೊದಲ ಭೇಟಿಯಲ್ಲೇ ಕೇಳಬೇಡಿ ಅಂತ ಹೇಳಿ. ಕೊರಿಯನ್‌ನಲ್ಲಿ ವಯಸ್ಸು ಗೊತ್ತಾಗದೆ ಮಾತಿನ ಬಾಲ ಯಾವುದು ಹಾಕುವುದು ಅಂತ ತಿಳಿಯದು, ಪಾಪ, ಅದಕ್ಕೇ ಕೇಳುತ್ತಾರೆ. ಇಂಗ್ಲಿಷಿಗೆ ಆ ಬಾಲವೇ ಇಲ್ಲದ ಮೇಲೆ ಕೇಳುವ ಅಗತ್ಯವೂ ಇಲ್ಲ.

ಬಾಣಂತನ ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ಪದ ಹುಡುಕಬೇಡಿ. ನಮ್ಮ ಹಾಗೇ ಬಾಣಂತಿಯನ್ನು ಬೆಚ್ಚಗೆ ಇಡುವುದು, ಥಂಡಿ ಗಾಳಿ ತಾಗಿಸದಿರುವುದು ಎಲ್ಲ ಅವರಲ್ಲೂ ಇದೆ. ಅಲ್ಲಿಯವರು ಬಾಣಂತಿಗೆ ಐಸ್ ನೀರು ಕೊಟ್ಟರೆ ಇಮೊಗೆ ಎದೆ ಒಡೆಯುತ್ತೆ. ಆಗ ‘ನೋ ಕೋಲ್ಡ್ ವಾಟರ್!’ ಅಂತ ಕಿರುಚುವ ಬದಲು ‘ಇನ್ ಕೊರಿಯಾ, ವಿ ಡ್ರಿಂಕ್ ವಾರ್ಮ್ ವಾಟರ್’ ಅಂತ ಹೇಳುವುದನ್ನು ಕಲಿಸಿ. ‘ಇನ್ ಕೊರಿಯಾ, ವಿ’ ಅಂತ ಶುರು ಮಾಡಿದರೆ ಯಾರಿಗೂ ಆಜ್ಞೆ ಅನ್ನಿಸುವುದಿಲ್ಲ, ಸಾರು, ಮಗುವಿನ ಸ್ನಾನ, ಹಾಸಿಗೆ ಎಲ್ಲದಕ್ಕೂ ನಡೆಯುತ್ತೆ.

ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಮೂರು ತಿಂಗಳಿಗೆ ನಲವತ್ತು ಮಾತು ಬಾಯಿಗೆ ಬಂದರೆ ಭೇಷ್ ಅನ್ನಬೇಕು. ಪುಸ್ತಕ ಕೊಳ್ಳಬೇಡಿ, ಅದನ್ನು ನೋಡಿದ ಕೂಡಲೇ ಅವರಿಗೆ ಪರೀಕ್ಷೆ ನೆನಪಾಗುತ್ತೆ. ಅಂಗಡಿಗೆ ಜೊತೆಯಲ್ಲಿ ಹೋಗುವಾಗ, ಲಿಫ್ಟಿನಲ್ಲಿ, ಸೊಪ್ಪು ಬಿಡಿಸುವಾಗ ಮಾತಾಡಿ.

ಕಡೆಯದಾಗಿ ಕಿಮ್ಚಿ. ಮಾಮೂಲಿ ಕಿಮ್ಚಿಯಲ್ಲಿ ಮೀನಿನ ರಸವೋ ಉಪ್ಪು ಹಾಕಿದ ಸಿಗಡಿಯೋ ಇರುತ್ತೆ, ಆದ್ದರಿಂದ ನಿಮ್ಮ ಹಿಂಜರಿಕೆ ಸರಿಯೇ. ಆದರೆ ಇಷ್ಟು ದಿನ ನೀವು ‘ಕ್ವೆಂಚನಾಯೊ’, ಪರವಾಗಿಲ್ಲ ಅಂದಿದ್ದೀರಿ ಅಂತ ನನ್ನ ಊಹೆ. ಅದು ನಮ್ಮ ‘ಅಯ್ಯೋ ಬೇಡ ಬೇಡ’ ಇದ್ದ ಹಾಗೆ, ಇನ್ನೂ ಎರಡು ಸಲ ಒತ್ತಾಯ ಮಾಡಿ ಅಂತಲೇ ಅರ್ಥ. ಇಮೊ ಒತ್ತಾಯ ಮಾಡಿದ್ದಾರೆ, ನೀವು ತೆಗೆದುಕೊಂಡಿದ್ದೀರಿ. ಮೆಲ್ಬರ್ನ್‌ನಲ್ಲಿ ಇದು ಉಲ್ಟಾ. ಬೀಗಿತ್ತಿ ಕೇಕ್ ಹಿಡಿದು ಬಂದಾಗ ಇಮೊ ಸಂಕೋಚಕ್ಕೆ ‘ನೋ ಥ್ಯಾಂಕ್ಸ್’ ಅಂದರೆ ತಟ್ಟೆ ಒಳಗೆ ಹೋಗುತ್ತೆ, ಮತ್ತೆ ಬರುವುದಿಲ್ಲ. ಹಾಗಾಗಿ ಈ ಡಬ್ಬಿಯನ್ನೇ ಪಾಠ ಮಾಡಿಕೊಳ್ಳಿ. ಮುಂದಿನ ಸಲ ಅವರು ಬಾಗಿಲಿಗೆ ಬಂದಾಗ ಇಂಗ್ಲಿಷಿನಲ್ಲೇ ಕೊಡಿಸಿ, ‘ವುಡ್ ಯು ಲೈಕ್ ಸಮ್ ಕಿಮ್ಚಿ?’ ನೀವು ‘ಇಟ್ ಲುಕ್ಸ್ ಗ್ರೇಟ್, ಬಟ್ ವಿ ಡೋಂಟ್ ಈಟ್ ಫಿಶ್’ ಅನ್ನಿ. ಆಮೇಲೆ ಪಾತ್ರ ಬದಲಿಸಿ, ಹಳೆಯ ಡಬ್ಬಿಯಲ್ಲಿ ನಿಮ್ಮ ಚಿತ್ರಾನ್ನ ತುಂಬಿ ನೀವು ಕೇಳಿ, ಅವರು ಒಂದೇ ಸಲಕ್ಕೆ ‘ಯೆಸ್, ಪ್ಲೀಸ್’ ಅನ್ನಲಿ. ಮೀನು ಹಾಕದ ಕಿಮ್ಚಿಯನ್ನೂ ಮಾಡುತ್ತಾರೆ, ಬೌದ್ಧ ಮಠಗಳ ಅಡುಗೆಯಲ್ಲಿ ಅದೇ ರೂಢಿ. ಕಾರಣ ತಿಳಿದ ಮೇಲೆ ಇಮೊ ಅದನ್ನೇ ಮಾಡಿಕೊಂಡು ಬಂದರೆ ಆಶ್ಚರ್ಯ ಇಲ್ಲ.